ಪಿಳ್ಳಮ್ಮನವರ ಕರುವಿಗೆ ಕೌದಿ ಕೊಡಬೇಡಿ

ಅತ್ತೆ,

ಬೆಳಗಿನ ಪಾಳಿಗೆ ಹೊರಟಿದ್ದೇನೆ, ನಿಮ್ಮನ್ನು ಎಬ್ಬಿಸಲಿಲ್ಲ. ಮನೆ ಓನರ್ ಪಿಳ್ಳಮ್ಮನವರ ಕರುವಿಗೆ ಹಾಸಲು ಕೊಡುತ್ತೇನೆಂದು ನೀವು ಸುತ್ತಿಟ್ಟಿದ್ದ ಹಳೆಯ ಕೌದಿಯನ್ನು ಟ್ರಂಕಿನೊಳಗೆ ಇಟ್ಟಿದ್ದೇನೆ. ಅದನ್ನು ಕೊಡಬೇಡಿ. ಕೇಳಿದರೆ ಗೋಣಿಚೀಲ ಕೊಡಿ.

ನಿನ್ನೆ ಸಂಜೆ ಅವರ ಮೊಮ್ಮಗಳು ಬಿಂದುಶ್ರೀ ನನ್ನ ಫೋನಿನಲ್ಲಿ ಅಮೆರಿಕದ ಒಂದು ಮ್ಯೂಸಿಯಂ ತೆಗೆದುಕೊಟ್ಟಳು. ಬೆರಳಿನಿಂದ ಸರಿಸುತ್ತ ಹೋದರೆ ನಾವೇ ಒಳಗೆ ನಡೆದಾಡಿದ ಹಾಗಿರುತ್ತದೆ. ಒಂದು ಕೋಣೆಯ ತುಂಬ ಕೌದಿಗಳು, ಅತ್ತೆ. ಹಳೆ ಬಟ್ಟೆಯ ತುಂಡುಗಳೇ, ನೀವು ಹಾಕುವಂಥದೇ ಹೊಲಿಗೆ. ಗೋಡೆಗೆ ತೂಗುಹಾಕಿ ಮೇಲಿಂದ ದೀಪ ಹಾಕಿದ್ದಾರೆ.

“ಇಂಥಾದ್ದು ನಮ್ಮ ಮನ್ಯಾಗೂ ಐತಿ” ಎಂದೆ.

“ಸುಮ್ನೆ ಹೇಳ್ಬೇಡಿ ಅಕ್ಕ” ಎಂದು ನಕ್ಕಳು. ಸಂಜೆ ಅವಳಿಗೆ ತೋರಿಸಲೇಬೇಕು.

ಫ್ಯಾಕ್ಟರಿಯೊಳಗೆ ಫೋನ್ ಬಿಡುವುದಿಲ್ಲ, ಅದಕ್ಕೇ ಮನೆಯಲ್ಲಿಟ್ಟಿದ್ದೇನೆ. ಆ ಕೋಣೆಯನ್ನೇ ತೆರೆದಿಟ್ಟಿದ್ದೇನೆ. ಪರದೆ ಕಪ್ಪಾದರೆ ಪಕ್ಕದ ಗುಂಡಿ ಒತ್ತಿ. ಮೊದಲು ರೊಟ್ಟಿ ತಿಂದು ಮಾತ್ರೆ ನುಂಗಿ, ಆಮೇಲೆ ನೋಡಿ. ಮೊಣಕಾಲು ನೋವೆಂದು ಮಾಕಳಿಯ ಸಂತೆಗೂ ಬಾರದವರು ಇವತ್ತು ಅಮೆರಿಕ ಸುತ್ತಿ ಬನ್ನಿ.

ಒಂದು ಕೌದಿಯ ಪಕ್ಕದಲ್ಲಿ, ಹೊಲಿದವಳ ಹೆಸರು ಗೊತ್ತಿಲ್ಲ ಎಂದು ಬರೆದಿದೆ. ಬಿಂದುಶ್ರೀ ಅದನ್ನು ಓದಿ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ನಿಮ್ಮ ಕಣ್ಣಿಗೆ ತ್ರಾಸಾಗಬಾರದೆಂದು ಸೂಜಿಗೆ ಕೆಂಪು ದಾರ ಪೋಣಿಸಿ ಕಿಟಕಿಯಲ್ಲಿ ಸಿಕ್ಕಿಸಿದ್ದೇನೆ. ನಾನು ಬರುವುದರೊಳಗೆ ನಮ್ಮ ಕೌದಿಯ ಮೂಲೆಯಲ್ಲಿ ನಿಮ್ಮ ಹೆಸರು, ‘ಚನ್ನಕ್ಕ’ ಎಂದು ಹೊಲಿದಿಡಿ.

ಶೈಲಾ