ಬಾವಿಯಲ್ಲಿ ನೀರೆಷ್ಟು?

ಕೇನ್ ರನ್, ವೆಸ್ಟ್ ವರ್ಜೀನಿಯಾ
ನವೆಂಬರ್ 9, 1996

ಪ್ರೀತಿಯ ತಮ್ಮ ಹಾರ್ಲನ್,

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರಾ? ಫ್ಲೋರಿಡಾದ ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಹೊರಗೆ ಕಾಲಿಡಬೇಡ. ಇದನ್ನು ಹೆಂಡತಿಯ ಕೈಯಲ್ಲಿ ಓದಿಸು. ನಾನು ಗಟ್ಟಿಮುಟ್ಟಾಗಿದ್ದೇನೆ, ತಲೆಯೊಂದು ಬಿಟ್ಟು.

ನಮ್ಮ ಹಿತ್ತಲಿನ ಗ್ಯಾಸ್ ಬಾವಿಯನ್ನು ಮುಚ್ಚುತ್ತೇವೆ ಎಂದು ಕಂಪನಿಯವರು ಹಟ ಹಿಡಿದಿದ್ದಾರೆ. ಅದು ಮುಚ್ಚಿದರೆ ಅಪ್ಪನ ಕರಾರಿನಂತೆ ನಿನ್ನ ಚಿಕ್ಕಕ್ಕ ವೆಸ್ಟಾಳ ಮನೆಗೆ ಬರುತ್ತಿರುವ ಬಿಟ್ಟಿ ಗ್ಯಾಸೂ ನಿಂತಂತೆ. ಆ ಮಂಡಿನೋವು ಇಟ್ಟುಕೊಂಡು ಚಳಿಗಾಲವಿಡೀ ಸೌದೆ ಒಡೆದಾಳೇ ಅವಳು? ತಳದಲ್ಲಿ ನೀರು ಕೂತು ಗ್ಯಾಸಿನ ಉಸಿರು ಕಟ್ಟುತ್ತಿದೆಯಂತೆ. ಎಷ್ಟು ನೀರು ಎನ್ನುವುದೇ ಈಗ ಜಗಳ. ಕಂಪನಿಯ ಇಂಜಿನಿಯರ್ ಹುಡುಗಿ ಮರೆಟ್ಟಾ ಕೊಳವೆಯ ಬಾಯಲ್ಲಿ ಢಮ್ಮೆಂದು ಸದ್ದು ಹೊಡೆದು, ತಿರುಗಿ ಬಂದ ಸದ್ದನ್ನು ತನ್ನ ಪೆಟ್ಟಿಗೆಯಲ್ಲಿ ಅಳೆದು, "ಕುತ್ತಿಗೆ ತನಕ ಬಂದಿದೆ ಅಜ್ಜಿ" ಎಂದಳು. ಬಾವಿ ನೋಡಿಕೊಳ್ಳುವ ಎಜ್ರಾ ತನ್ನ ಮೀಟರು ನೋಡಿ, ಒಳಕೊಳವೆಗೂ ಹೊರಕೊಳವೆಗೂ ಒತ್ತಡದಲ್ಲಿ ಅಂತರವೇ ಇಲ್ಲ, ಹಾಗಾಗಿ ನೀರಿನ ಭಾರವೂ ಇಲ್ಲ ಎಂದ. ನನ್ನ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ತಿನ್ನುತ್ತಲೇ ಕಿತ್ತಾಟ. "ನಿಮ್ ಮೀಟರು ನಿಮ್ಮಷ್ಟೇ ಮುದಿಯಾಗಿದೆ ಎಜ್ರಾ!" "ನಿನ್ ಪೆಟ್ಟಿಗೆಗೆ ಕಿವಿ ಇದೆ ಕಣಮ್ಮ, ಬುದ್ಧಿ ಎಲ್ಲಿಟ್ಟಿದ್ದೀಯ?" ನಾನೂ ಪೆನ್ಸಿಲು ಹಿಡಿದು ಎರಡೂ ಲೆಕ್ಕ ಮಾಡಿದೆ. ಎರಡೂ ಸರಿಯೇ! ಒಂದೇ ಬಾವಿ, ಒಂದೇ ಬೆಳಗ್ಗೆ, ತುಂಬಿಯೂ ಇದೆ, ತುಂಬಿಯೂ ಇಲ್ಲ. ನನಗೇ ಅರಳುಮರಳು ಹಿಡಿಯಿತೇನೋ ಎನಿಸಿತು.

ಆಗ ಮೂಲೆಯಲ್ಲಿ ವಾಲ್‌ನಟ್ ಒಡೆಯುತ್ತಿದ್ದ ವೆಸ್ಟಾ ಮೆಲ್ಲಗೆ, "ಸಾಬೂನು ಹಾಕಿದ್ರೆ ಬಾವಿ ಸಾಯುತ್ತಾ?" ಎಂದಳು. ನೀರನ್ನು ನೊರೆಯೆಬ್ಬಿಸಿ ಮೇಲೆ ತರಲೆಂದು ಬಾವಿಗೆ ಹಾಕುವ ಸಾಬೂನು ಕಡ್ಡಿಗಳಿವೆಯಲ್ಲ, ತೀರಿಕೊಂಡ ಗಂಡ ಉಳಿಸಿಹೋದವನ್ನು ಇವಳು ಪ್ರತಿ ಭಾನುವಾರ ಚರ್ಚಿನಿಂದ ಬಂದು ಕದ್ದು ಹಾಕುತ್ತಿದ್ದಳಂತೆ. "ಅಯ್ಯೋ ವೆಸ್ಟಾ, ನಾನೂ ಸೋಮವಾರ ಸೋಮವಾರ ಹಾಕ್ತಿದ್ನಲ್ಲೇ!" ಎಂದು ಎಜ್ರಾ ಹಣೆ ಚಚ್ಚಿಕೊಂಡ. ಇಬ್ಬರ ಸಾಬೂನೂ ಸೇರಿ, ಉಕ್ಕಿದ ಹಾಲಿನಂತೆ, ಕೊಳವೆ ತುಂಬ ನೊರೆ. ಆ ನೊರೆಯೇ ಸದ್ದಿಗೆ ಎತ್ತರದ ನೀರಾಗಿ ಕಂಡಿತು, ಮೀಟರಿಗೆ ಭಾರವೇ ಇಲ್ಲದಷ್ಟು ಹಗುರವಾಗಿ. ಕೆಳಗೆ ನಿಜವಾದ ನೀರೆಷ್ಟಿದೆಯೋ, ಈಗಲೂ ಯಾರಿಗೂ ಗೊತ್ತಿಲ್ಲ. ನೊರೆ ಇಳಿದ ಮೇಲೆ ಮತ್ತೆ ಅಳೆಯುತ್ತೇನೆ ಎಂದು ಮರೆಟ್ಟಾ ಹೋಗಿದ್ದಾಳೆ.

ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನ ಕಣ್ಣು ಕಾಯಲಿ.

ನಿನ್ನ ದೊಡ್ಡಕ್ಕ,
ಓರ್ಫಾ

ತಾ.ಕ.: ಅಂಚೆಯವನು ಗೇಟಿನಲ್ಲಿದ್ದಾನೆ. ತನ್ನ ಸಾಬೂನೇ ಬಾವಿಯನ್ನು ಕೊಂದಿತೆಂದು ಹೆದರಿ ವೆಸ್ಟಾ, ಬಾವಿ ಮುಚ್ಚಲು ಒಪ್ಪಿಗೆಯೆನ್ನುವ ಕಂಪನಿಯ ಕಾಗದಕ್ಕೆ ಮೊನ್ನೆಯೇ ಸಹಿ ಹಾಕಿಬಿಟ್ಟಿದ್ದಾಳೆ. ಅಪ್ಪನ ಜಾಗಕ್ಕೆ ಹಕ್ಕುದಾರರಾದ ನಾವು ಮೂವರಲ್ಲಿ ಇಬ್ಬರ ಸಹಿ ಇದ್ದರೆ ಸಾಕಂತೆ. ನಾನು ಹಾಕಿಲ್ಲ, ಇನ್ನು ಆ ಕಾಗದ ನಿನ್ನ ಬಳಿಗೇ ಬರುತ್ತದೆ. ಕಣ್ಣು ಕಾಣದೆ ಯಾರೋ ತೋರಿಸಿದ ಕಡೆ ಗೀಚಿಬಿಡಬೇಡ, ಹಾರ್ಲನ್.