ಒಳಗೆ ಬಿಟ್ಟ ಬಟ್ಟೆ

ಮೇ ೪, ಭಾನುವಾರ

ಪ್ರೀತಿಯ ಅಕ್ಕ,

ನೀನು, ಭಾವ, ಗುಬ್ಬಿ ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಯಬೇಕೆನಿಸಿದರೆ ಬೈ, ಆದರೆ ಮರೆತುಬಿಟ್ಟಳು ಅಂತ ಮಾತ್ರ ಅಂದುಕೊಳ್ಳಬೇಡ. ಬರೆದು ಬರೆದು ಹರಿದೆ. ಅಮ್ಮ ಹೇಳಿಕೊಟ್ಟ ಹಾಗೆ ಬರೆದಿದ್ದರೆ ಎಂದೋ ಮುಗಿಯುತ್ತಿತ್ತು. "ಈ ಸಲ ಇಲ್ಲಿ ವಿಪರೀತ ಸೆಕೆ, ಮಗೂಗೆ ಆಗಲ್ಲ, ರಜೆಗೆ ಬರೋದು ಬೇಡ ಅಂತ ಬರೆದುಬಿಡು. ಅಷ್ಟು ಸಾಕು" ಅಂದಳು. ಸೆಕೆ ಇದೆ, ಸುಳ್ಳಲ್ಲ. ಹೋದ ವರ್ಷವೂ ಇತ್ತು, ಆಗ ನೀನು ಬರಲಿಲ್ಲವೇ?

ನೀನು ಕೇಳಿದ್ದು ಸೆಕೆಯ ವಿಷಯ ಅಲ್ಲ. "ಊರಲ್ಲಿ ಮನೆ ಮೊದಲು ಬಳಗದವರು ಗೆದ್ದರಂತೆ, ಪೇಪರಿನಲ್ಲಿ ಓದಿದೆ. ಗಲಾಟೆ ಏನಾದರೂ ಇದೆಯಾ? ನಾವು ಬರಬಹುದಾ?" ಎಂದು ಕೇಳಿದ್ದೆ. ಅದರ ಕೆಳಗೆ ಭಾವ ತಮ್ಮದೊಂದು ಸಾಲು ಸೇರಿಸಿದ್ದರು: "ನಿಮ್ಮಕ್ಕನಿಗೆ ಸುಮ್ಮನೆ ಹೆದರಿಕೆ. ನಮ್ಮ ದೇಶದಲ್ಲಿ ಅಂಥದ್ದೆಲ್ಲ ನಡೆಯಲ್ಲ. ಬಸ್ಸಿಗೆ ನೆಟ್ಟಗೆ ಸಾಲು ನಿಲ್ಲದ ಜನ, ಕವಾಯತು ಮಾಡ್ತಾರಾ!" ಓದಿ ಜೋರಾಗಿ ನಕ್ಕೆ. ನಕ್ಕು, ಅಪ್ಪನ ಅಂಗಡಿಗೆ ಹೋಗಿ, ಅಂಗಿಗೆ ಗುಂಡಿ ಹಾಕಲು ಕೂತೆ.

ಯಾವ ಅಂಗಿಯ ಗುಂಡಿ ಎಂದು ಈಗಲೇ ಹೇಳಿಬಿಡುತ್ತೇನೆ. ಆ ಬಳಗದವರ ಅಂಗಿ. ಬೂದಿ ಬಣ್ಣ, ಎಡಗಡೆ ಎದೆಯ ಮೇಲೆ ಮುಚ್ಚಿದ ಬಾಗಿಲಿನ ಗುರುತು. ಇಡೀ ಊರಿನ ಅಂಗಿ ಹೊಲಿಯುವ ಗುತ್ತಿಗೆ ಅಪ್ಪನಿಗೇ ಸಿಕ್ಕಿದೆ. ಅಂಗಡಿಯಲ್ಲಿ ಗೋಡೆ ಕಾಣದ ಹಾಗೆ ಅವೇ ನೇತಾಡುತ್ತಿವೆ. ಒಳಗೆ ಹೋಗಬೇಕಾದರೆ ತಲೆಯಿಲ್ಲದ ಜನರ ನಡುವೆ ನುಸುಳಿದ ಹಾಗಾಗುತ್ತದೆ. "ಅಪ್ಪಾ, ಇವರು ಯಾರನ್ನ ಹೊರಗೆ ಹಾಕ್ಬೇಕು ಅಂತಿದಾರೆ, ಗೊತ್ತು ತಾನೆ?" ಎಂದು ಕೇಳಿದೆ. ಅಪ್ಪ ಸೂಜಿಗೆ ದಾರ ಪೋಣಿಸುತ್ತಾ, "ನಾನು ಹೊಲಿಯೋದು ಬಟ್ಟೆ ಕಣೇ, ಭಾಷಣ ಅಲ್ಲ" ಅಂದರು. ಆ ಸೂಜಿಯ ಕಣ್ಣು ಅವರಿಗೆ ಕಂಡದ್ದು ಯಾರ ಕನ್ನಡಕದಿಂದ? ಭಾವ ತಮ್ಮ ಕೈಯಾರೆ ಗಾಜು ಉಜ್ಜಿ, ಮೂಗಿನ ಮೇಲಿಟ್ಟು ನೋಡಿ, ಕಿವಿಗೆ ಒತ್ತದ ಹಾಗೆ ಕಡ್ಡಿ ಬಗ್ಗಿಸಿ ಕೊಟ್ಟದ್ದಲ್ಲವೇ ಅದು? ನನಗೆ ಮೈಯೆಲ್ಲ ಉರಿದುಹೋಯಿತು.

ಗಲಾಟೆಯ ವಿಷಯ ಕೇಳಿದೆಯಲ್ಲ, ಒಂದು ಕಿಟಕಿಯ ಗಾಜೂ ಒಡೆದಿಲ್ಲ. ಬಳಗದವರು ಮೊದಲು ಕೆಟ್ಟುಹೋದ ಬೀದಿದೀಪ ಸರಿಮಾಡಿಸಿದರು. ಅಮ್ಮನ ಗ್ಯಾಸ್ ಸಿಲಿಂಡರನ್ನು ಮೆಟ್ಟಿಲು ಹತ್ತಿಸಿಕೊಟ್ಟು, "ಇಂಥ ಕೆಲಸಕ್ಕೆ ನಾವಿಲ್ವಾ ಅಮ್ಮಾ" ಅಂದರು. ಅಮ್ಮ ಕರಗಿ ನೀರಾದಳು. ಚುನಾವಣೆ ಬಂತು, ಮತ ಎಣಿಸಿದರು, ಮೋಸವಿಲ್ಲದೆ ಗೆದ್ದರು. ಪುರಸಭೆಯ ಮೊದಲ ಸಭೆಯಲ್ಲೇ ಒಂದು ನಿರ್ಣಯ ಬಂತು: ಯಾರ ತಾತ ಮುತ್ತಾತಂದಿರು ಗಡಿಯಾಚೆಯಿಂದ ಬಂದವರೋ ಅವರ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಬೇಕು, ಗಿರಾಕಿಗಳ ಮಾಹಿತಿಗಾಗಿ. ಚರ್ಚೆ ಮಾಡಿದರು, ಕೈ ಎತ್ತಿದರು, ಪಾಸು ಮಾಡಿದರು, ಚಹಾ ಕುಡಿದು ಮನೆಗೆ ಹೋದರು.

ಮೂಲೆ ಬೇಕರಿಯಣ್ಣನ ಬಾಗಿಲಿಗೂ ಚೀಟಿ ಬಿದ್ದಿದೆ. "ನನ್ನ ಬನ್ನೂ ಗಡಿ ದಾಟಿ ಬಂದಿರೋದಂತೆ ಕಣಮ್ಮ. ಹಿಟ್ಟು, ಸಕ್ಕರೆ, ಒಲೆ ಎಲ್ಲ ಇಲ್ಲೀದೇ, ಉಬ್ಬೋದು ಮಾತ್ರ ಆ ಕಡೇದು" ಎಂದು ನಗುತ್ತಾನೆ. ಅಮ್ಮ ಈಗ ಎದುರು ಫುಟ್‌ಪಾತಿನಲ್ಲಿ ನಡೆಯುತ್ತಾಳೆ. ಕೇಳಿದರೆ, "ಅವನ ಬ್ರೆಡ್ಡು ಯಾಕೋ ಈಚೆಗೆ ಹುಳಿ ಬರ್ತಿದೆ" ಅನ್ನುತ್ತಾಳೆ. ನಮ್ಮನ್ನು ಹೊಟ್ಟೆಯಲ್ಲಿಟ್ಟುಕೊಂಡಾಗಿನಿಂದ ಅದೇ ಬ್ರೆಡ್ಡು ತಿಂದವಳು!

ಇನ್ನು ನಮ್ಮ ಮೇಷ್ಟ್ರ ಕಥೆ ಕೇಳು. ಕಾಲೇಜಿನಲ್ಲಿ ನನಗೆ ಸಾಹಿತ್ಯ ಕಲಿಸಿದವರು. ಮನುಷ್ಯನ ಘನತೆಯ ಬಗ್ಗೆ ಪಾಠ ಮಾಡುವಾಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು, ಹಿಂದಿನ ಬೆಂಚಿನಲ್ಲಿ ನಾನೂ ಒರೆಸಿಕೊಳ್ಳುತ್ತಿದ್ದೆ. ಮೊನ್ನೆ ನೋಡಿದರೆ ಅಂಗಡಿಯಲ್ಲಿ ಎರಡೂ ಕೈ ಅಗಲಿಸಿಕೊಂಡು ನಿಂತಿದ್ದಾರೆ, ಅಪ್ಪ ಅವರ ಎದೆಗೆ ಟೇಪು ಸುತ್ತುತ್ತಿದ್ದಾರೆ. ನನ್ನನ್ನು ಕಂಡು ಮುಜುಗರವಾಯಿತೇನೋ. "ಏನಿಲ್ಲಮ್ಮ, ಸಮಾರಂಭಕ್ಕೆ ಎಲ್ಲರೂ ಹಾಕ್ಕೊಂಡು ಬರ್ತಾರೆ. ನಾನೊಬ್ಬ ಬಿಳೀ ಅಂಗೀಲಿ ಕೂತ್ರೆ ಎದ್ದು ಕಾಣ್ತೀನಿ" ಅಂದರು. ಆಮೇಲೆ ತರಗತಿಯ ದನಿ ಬಂತು: "ನೋಡು, ನಮ್ಮ ಪ್ರಜಾಪ್ರಭುತ್ವ ಗಟ್ಟಿ ಇದೆ. ಕೋರ್ಟಿದೆ, ಪತ್ರಿಕೆಗಳಿವೆ. ಇಂಥವರು ಬರ್ತಾರೆ, ಹೋಗ್ತಾರೆ."

"ಎದೆ ಉಬ್ಬಿಸಬೇಡಿ ಸಾರ್, ಅಳತೆ ತಪ್ಪತ್ತೆ" ಅಂದರು ಅಪ್ಪ.

ಬೇಕಾದಾಗ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಅವತ್ತು ಹೇಗೋ ಬಂತು. "ಸರ್, ನಮ್ಮ ಭಾವನೂ ಗಡಿಯಾಚೆಯವರ ಮೊಮ್ಮಗನೇ" ಅಂದೆ. "ಅಯ್ಯೋ, ನಿಮ್ಮ ಭಾವನ ಮಾತು ಬೇರೆ ಬಿಡಮ್ಮ! ಚಿನ್ನದಂಥ ಮನುಷ್ಯ. ಇದು ಅಂಥವರ ಬಗ್ಗೆ ಅಲ್ಲವೇ ಅಲ್ಲ" ಅಂದರು, ಕೈ ಇಳಿಸದೆ. ಎಲ್ಲರ ಬಾಯಲ್ಲೂ ಇದೇ ಅಕ್ಕ. ಭಾವನ ಮಾತು ಬೇರೆ, ಬೇಕರಿಯವನ ಮಾತು ಬೇರೆ, ಹಲ್ಲಿನ ಡಾಕ್ಟರಮ್ಮನ ಮಾತು ಬೇರೆ. ಹಾಗಾದರೆ ಇಷ್ಟೊಂದು ಅಂಗಿ ಯಾರನ್ನು ಓಡಿಸುವುದಕ್ಕೆ? ಅಷ್ಟು ಓದಿದವರಿಗೆ ಅಷ್ಟೂ ಹೊಳೆಯುವುದಿಲ್ಲವೇ? ಅವತ್ತೇ ಸೂಜಿ ಕೆಳಗಿಟ್ಟೆ. ಈ ಅಂಗಿಗಳಿಗೆ ನಾನು ಗುಂಡಿ ಹಾಕಲ್ಲ ಅಂದೆ. ಅಪ್ಪ ಗುಂಡಿಯ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು.

ಸಾಕು, ಬೇರೆ ಸುದ್ದಿ ಹೇಳುತ್ತೇನೆ. ನೀನು ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ, ನಮ್ಮ ಮರಿ, ಈಗ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಾನೆ. ಮೀಸೆ ಅಂತ ಏನೋ ಬರುತ್ತಿದೆ, ನಾನು ಮಸಿ ಅನ್ನುತ್ತೇನೆ. ಮಾತು ಕಮ್ಮಿಯಾಗಿದೆ, ಬಳಗದ ವಿಷಯ ತೆಗೆದರೆ ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಾನೆ. ಆದರೆ "ದೊಡ್ಡಕ್ಕ ಬಂದ್ರೆ ಸ್ಟೇಷನ್ನಿಗೆ ನಾನೇ ಹೋಗ್ತೀನಿ, ಗುಬ್ಬೀನ ಹೆಗಲ ಮೇಲೆ ಕೂರಿಸ್ಕೊಂಡು ಬರ್ತೀನಿ" ಅಂದಿದ್ದಾನೆ.

ಅಪ್ಪ ಗುಬ್ಬಿಗೆ ಹಳದಿ ಫ್ರಾಕು ಹೊಲಿದಿದ್ದಾರೆ, ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ತಿರುಗಿಸಿ ನೋಡು, ನಮಗೆ ಬಿಡುತ್ತಿದ್ದ ಹಾಗೇ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಾರೆ, ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಎಂದು. ಗಿರಾಕಿಗಳ ಬಟ್ಟೆಗೆ ಹಾಗೆ ಬಿಡಲು ಅವರ ಕೈ ಬರುವುದೇ ಇಲ್ಲ, ಬಟ್ಟೆ ದಂಡ ಅನ್ನುತ್ತಾರೆ. ಅದು ಮನೆಯ ಮಕ್ಕಳಿಗೆ ಮಾತ್ರ. ಆ ಫ್ರಾಕು ನೋಡಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು.

ಆದ್ದರಿಂದ ಸೆಕೆಯ ಕಥೆ ನಾನು ಬರೆಯುವುದಿಲ್ಲ. ಇದು ನಿನ್ನ ಮನೆ. ಬನ್ನಿ. ಚೀಟಿ ಅಂಟಿಸುವವರು ಅಂಟಿಸಲಿ, ಭಾವನ ಪಕ್ಕದಲ್ಲೇ ಪೇಟೆಯ ನಡುವೆ ನಡೆದು ಹೋಗುತ್ತೇನೆ, ಯಾರು ಏನು ಹೇಳುತ್ತಾರೋ ನೋಡೇಬಿಡೋಣ.

ಭಾವನಿಗೆ ನನ್ನ ನಮಸ್ಕಾರ. ಗುಬ್ಬಿಯ ಕೆನ್ನೆ ತುಂಬ ಚಿಕ್ಕಮ್ಮನ ಮುತ್ತು. ಆ ಫ್ರಾಕು ಬೇಗ ಗಿಡ್ಡವಾಗುವಷ್ಟು ಎತ್ತರ ಬೆಳೆಯಲಿ.

ನಿನ್ನ ಗುಮ್ಮನಗುಸುಕಿ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಫ್ರಾಕಿಗೆ ಇಸ್ತ್ರಿ ಹಾಕಿ ಕಟ್ಟೋಣವೆಂದು ಅಂಗಡಿಗೆ ಹೋದೆ. ಇಸ್ತ್ರಿ ಮೇಜಿನ ಮೇಲೆ ಒಂದು ಬೂದಿ ಅಂಗಿ ಒಳಮೈ ಮೇಲಾಗಿ ಬಿದ್ದಿತ್ತು. ಪಕ್ಕಕ್ಕೆ ಸರಿಸಲು ಕೈ ಹಾಕಿದೆ. ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿತ್ತು. ಎರಡು ಬೆರಳು. ಉದ್ದ ತೋಳು, ಸಪೂರ ಎದೆ. ಯಾರದು ಎಂದು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಮರಿ ಇನ್ನೂ ಬೆಳೀತಾನೆ ಕಣೇ. ನಾಲ್ಕಾರು ವರ್ಷ ಹಾಕ್ಕೊಳ್ಳೋದು ತಾನೆ, ಇರಲಿ ಅಂತ ಬಿಟ್ಟೆ" ಅಂದರು.

ಬರಬೇಡ ಅಕ್ಕ. ಭಾವನಿಗೆ, ಇಲ್ಲಿ ಸೆಕೆ ಅಂತ ಹೇಳು.