ತೇವಕ್ಕೆ ಎರಡು ಕಿಲೋ

ಹೊಲಿಗೆ ಅಂಗಡಿಯಿಂದ,
ಆಗಸ್ಟ್ ೧೧, ಭಾನುವಾರ

ಗುಬ್ಬಿಯ ಅಮ್ಮನಿಗೆ, ಗುಬ್ಬಿಯ ಅಪ್ಪ ಬರೆಯುವ ಪ್ರೀತಿಯ ಕಾಗದ.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಾಸ್ಟೆಲಿನ ಮಂಚ ಗಿಡ್ಡವೆಂದು ಬರೆದಿದ್ದೆ. ಕಾಲು ಮಡಿಸಿ ಮಲಗು, ನರ್ಸ್ ತರಬೇತಿ ಮುಗಿಯಲು ಇನ್ನು ಮೂರೇ ತಿಂಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಮಗಳು ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ.

ಹೋದ ವಾರ ಶಾಲೆಯ ದೊಡ್ಡ ಟೀಚರ್ ಬೀದಿಯ ಅಂಗಡಿಯವರನ್ನೆಲ್ಲ ಕರೆಸಿ, ಮಕ್ಕಳ ಆರೋಗ್ಯ ಶಾಲೆಯೊಂದರಿಂದ ಆಗುವ ಕೆಲಸವಲ್ಲ, ನೀವೂ ಕೈ ಜೋಡಿಸಿ ಎಂದರು. ಮಕ್ಕಳ ಬೆಂಚಿನಲ್ಲಿ ಕೂತು ಟೀಚರಿಗೆ ಇಲ್ಲ ಎನ್ನಲು ಯಾರಿಗೆ ಧೈರ್ಯ? ಕ್ಷೌರದಂಗಡಿಯವನು ಉಗುರು, ಹೇನು ನೋಡಲು ಒಪ್ಪಿದ. ಔಷಧದಂಗಡಿಯ ಯಜಮಾನರು ಹಲ್ಲುಜ್ಜುವುದನ್ನು ಕಲಿಸಿದರು. ತಮ್ಮ ಹಲ್ಲಿನ ಸೆಟ್ಟನ್ನೇ ಬಾಯಿಂದ ತೆಗೆದು ತೋರಿಸಿದ್ದರಿಂದ ಮಕ್ಕಳು ಬಹಳ ಗಮನವಿಟ್ಟು ನೋಡಿದರು. ಎತ್ತರ ನನ್ನ ಟೇಪಿನ ಪಾಲಿಗೆ ಬಂತು. ಶಾಲೆಯ ತೂಕದ ಯಂತ್ರ ಕೆಟ್ಟಿದ್ದರಿಂದ ತೂಕ ಗುಜರಿಯವನ ಪಾಲಿಗೆ. ಅವನು ಹಳೇ ಪೇಪರು, ಕಬ್ಬಿಣ ತೂಗುವ ಯಂತ್ರದ ಮೇಲೆ ನೂರ ಹನ್ನೆರಡು ಮಕ್ಕಳು ಒಬ್ಬೊಬ್ಬರಾಗಿ ಹತ್ತಿಳಿದರು. ಅವನು ಕೂಗಿದ, ಆರೋಗ್ಯ ಕೇಂದ್ರದ ನರ್ಸಮ್ಮ ಬರೆದುಕೊಂಡರು.

ಎರಡೇ ದಿನದಲ್ಲಿ ಮನೆಮನೆಗೆ ಚೀಟಿ ಬಂತು. ಮುಕ್ಕಾಲು ಶಾಲೆ ಬಡಕಲು! ಬೇಕರಿಯವರ ಮಗನಿಗೂ ಪೌಷ್ಟಿಕ ಆಹಾರ ಕೊಡಬೇಕಂತೆ. ಅವನಮ್ಮ ಶಾಲೆಯ ಬಾಗಿಲಲ್ಲೇ ನಿಂತು, "ಇವನಿಗೆ ಇನ್ನೂ ತಿನ್ನಿಸಿದ್ರೆ ಬೆಂಚನ್ನೂ ನಾವೇ ಮಾಡಿಸಿಕೊಡಬೇಕಾಗುತ್ತೆ" ಅಂದರು. ಗುಬ್ಬಿಗೂ ಚೀಟಿ ಬಂತು. ಅದು ಹೇಗೋ ನಿಮ್ಮಮ್ಮನ ಕಿವಿಗೆ ಬಿತ್ತು. "ನನ್ನ ಮಗಳು ಓದೋಕೆ ಹೋದ್ಲು, ಇಲ್ಲಿ ಮೊಮ್ಮಗಳು ಕಡ್ಡಿ ಆದ್ಲು. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ, ಅವಳಮ್ಮ ಬರೋವರೆಗೂ ನಮ್ಮಲ್ಲೇ ಇರ್ತಾಳೆ" ಅಂದರು. ನಾನು ಹೂಂ ಅಂದೆ. ಮದುವೆಯಾದಾಗಿನಿಂದ ನಿಮ್ಮಮ್ಮನಿಗೆ ನಾನು ಬೇರೇನನ್ನೂ ಅಂದಿಲ್ಲ. ಗುಬ್ಬಿ ಮಾತ್ರ, ಅಪ್ಪನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಎಂದು ಮಂಚದ ಕೆಳಗೆ ಸೇರಿಕೊಂಡಳು.

ನನಗೊಂದು ಸಂಶಯ. ಬೇಕರಿ ಹುಡುಗನ ಎದೆಯ ಸುತ್ತಳತೆ ನನ್ನ ಪುಸ್ತಕದಲ್ಲಿದೆ. ಆ ಎದೆಗೆ ಚೀಟಿಯಲ್ಲಿದ್ದ ತೂಕ ಕೂಡುವುದಿಲ್ಲ. ಶುಕ್ರವಾರ ಗುಜರಿಗೆ ಹೋಗಿ ನಾನೇ ಯಂತ್ರ ಹತ್ತಿದೆ. ಮುಳ್ಳು ಅರವತ್ತನಾಲ್ಕಕ್ಕೆ ನಿಂತಿತು. ಅವನು "ಅರವತ್ತೆರಡು!" ಎಂದು ಕೂಗಿದ. ಕಣ್ಣು ನೆಟ್ಟಗಿದೆಯೇನಯ್ಯ ಎಂದು ಕೇಳಿದರೆ, "ತೇವಕ್ಕೆ ಎರಡು ಕಿಲೋ ಕಳೀಬೇಕಲ್ಲಣ್ಣ" ಎಂದ. ಮಕ್ಕಳಿಗೂ ಕಳೆದೆಯಾ? "ಎಲ್ಲರಿಗೂ. ನಮ್ಮನೆ ಹುಡುಗನ್ನೂ ಬಿಟ್ಟಿಲ್ಲ. ಅವತ್ತು ಮಳೆ ಬೇರೆ ಬಂದಿತ್ತು."

ಶಾಲೆಗೆ ಹೋಗಿ ಹೇಳಿದರೆ ನರ್ಸಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ದೊಡ್ಡ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಿನ್ನೆ ಮಕ್ಕಳನ್ನೆಲ್ಲ ಮತ್ತೆ ತೂಗಿಸಿದರು. ಗುಜರಿಯವನು ಬಾಯಿ ಮುಚ್ಚಿಕೊಂಡು ನಿಂತ. ಮುಳ್ಳನ್ನು ಟೀಚರೇ ಓದಿದರು. ಬಡಕಲು ಮಕ್ಕಳು ಒಂಬತ್ತೇ ಜನ ಉಳಿದರು. ಅವರಿಗೆ ದಿನವೂ ಹಾಲು, ಮೊಟ್ಟೆ ಬೀದಿಯವರೇ ಕೊಡುವುದೆಂದಾಯಿತು. ಮೊದಲು ಕೈ ಎತ್ತಿದವನು ಗುಜರಿಯವನೇ. ಹತ್ತು ವರ್ಷದಿಂದ ತಮ್ಮ ಹಳೇ ಪೇಪರಿನಲ್ಲಿ ತೇವಕ್ಕೆಂದು ಕಳೆದ ಕಿಲೋಗಳನ್ನು ವಿಚಾರಿಸಲು ಹೆಂಗಸರು ಈಗ ಅವನ ಅಂಗಡಿಗೆ ಹೋಗುತ್ತಿದ್ದಾರೆ, ಆ ಮಾತು ಬೇರೆ. ಮೊಮ್ಮಗಳ ಎರಡು ಕಿಲೋ ವಾಪಸು ಬಂತು ಎಂದು ನಿಮ್ಮಮ್ಮನಿಗೆ ಫೋನ್ ಮಾಡಿ ತಿಳಿಸಿದೆ. ಇವತ್ತು ಬರುವುದಿಲ್ಲವಂತೆ.

ಪರೀಕ್ಷೆ ಚೆನ್ನಾಗಿ ಬರೆ. ಗೆಳತಿಯರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ,
ಟೈಲರ್

ಮರೆತಿದ್ದೆ: ಆ ಒಂಬತ್ತು ಮಕ್ಕಳಲ್ಲಿ ಗುಬ್ಬಿಯೂ ಒಬ್ಬಳು. ನಿಮ್ಮಮ್ಮನಿಗೆ ಇಷ್ಟು ಹೇಳಿಲ್ಲ. ಹೋದ ತಿಂಗಳು ಅವಳ ಸ್ಕರ್ಟಿನ ಸೊಂಟ ಒಂದಿಂಚು ಹಿಡಿದು ಹೊಲಿದವನು ನಾನೇ. ಬಟ್ಟೆ ಸಡಿಲಾಗಿದೆ ಎಂದುಕೊಂಡೆ. ನಾನು ಕಟ್ಟಿಕೊಡುವ ಡಬ್ಬಿಯನ್ನು ಶಾಲೆಯ ಹಿಂದಿನ ನಾಯಿಗೆ ಹಾಕುತ್ತಿದ್ದಳಂತೆ. ನಾಯಿಯೂ ಮೂಸಿ ಹೋಗುತ್ತಿತ್ತಂತೆ. "ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಅಪ್ಪ" ಎಂದಳು. ಇಬ್ಬರಿಗಾಗುವಷ್ಟು ತರಕಾರಿಗೆ ಉಪ್ಪೆಷ್ಟು, ಖಾರವೆಷ್ಟು, ಎಷ್ಟು ಹೊತ್ತು ಬೇಯಬೇಕು, ತಕ್ಷಣ ಬರೆ. ಅಂದಾಜು ಎಂದು ಮಾತ್ರ ಬರೆಯಬೇಡ, ಚಮಚದಲ್ಲಿ ಬರೆ.